ಬೋರಣ್ಣನ ಬಲಗಾಲು

ಹೋದ ಕಾರ್ತಿಕದಲ್ಲಿ ಹೆಂಡತಿಯ ಜೊತೆ ಗಂಜಾಮಿಗೆ ಹೋಗಿದ್ದೆ. ನಿಮಿಷಾಂಬೆಯ ದರ್ಶನ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದೆವು. ಪಕ್ಕದಲ್ಲಿ ಯಾರೋ ಹಚ್ಚಿಟ್ಟಿದ್ದ ದೀಪ ವಾಲಿ, ಎಣ್ಣೆ ಹರಿದು, ತಟ್ಟೆಯಲ್ಲಿದ್ದ ವಿಭೂತಿಯ ಅಂಚನ್ನು ಮುಟ್ಟಿತು. ಬೆಳ್ಳಗಿದ್ದ ಪುಡಿ ನೋಡನೋಡುತ್ತಿದ್ದಂತೆ ಎಣ್ಣೆ ಕುಡಿದು ಕಪ್ಪಾಗುತ್ತ ಹೋಯಿತು. ಎಣ್ಣೆ ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು ಎಂಬುದೆಲ್ಲ ಅದರ ಮೇಲೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ನಾನು ಬಗ್ಗಿ ಮೂಸಿ ನೋಡಿದೆ.

"ದೇವಸ್ಥಾನಕ್ಕೆ ಬಂದ್ರೂವೆ ನಿಮ್ಮ ಗ್ಯಾರೇಜು ಬುಡಾಕಿಲ್ವಲ್ಲ" ಎಂದು ಹೆಂಡತಿ ಗದರಿದಳು.

ಅವಳು ಹೇಳಿದ್ದು ಸರಿ. ನನ್ನ ಕಣ್ಣ ಮುಂದೆ ದೇವಿ ಇರಲಿಲ್ಲ. ಒಂದು ಹಳೆಯ ಲಾರಿಯ ಸ್ಟೇರಿಂಗ್ ಬಾಕ್ಸ್ ಇತ್ತು, ಅದರ ಪಕ್ಕದಲ್ಲಿ ಊದುಗೊಳವೆ ಹಿಡಿದು ಮೊಣಕಾಲೂರಿ ಕುಳಿತ ನನ್ನ ಅಪ್ಪ ಇದ್ದ. ಅವನ ಹಿಂದೆ ಬರಿಗಾಲಲ್ಲಿ ನಿಂತ ಬೋರಣ್ಣ ಇದ್ದ.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ತೊಂಬತ್ತರ ದಶಕದ ನಡುವೆ, ಒಂದು ಆಯುಧಪೂಜೆಯಿಂದ ಮುಂದಿನ ಆಯುಧಪೂಜೆಯವರೆಗೆ ನಡೆದದ್ದು. ಆ ವರ್ಷವನ್ನು ನೆನೆದರೆ ನನಗೆ ಮೊದಲು ಕಾಣುವುದು ಮಂಜು. ಎಲ್ಲ ದಿನವೂ ಮಂಜಿರಲಿಲ್ಲ, ನನಗೆ ಗೊತ್ತು. ಷೆಡ್ಡಿನ ತಗಡು ಬಿಸಿಲಿಗೆ ಕಾದು ಸಟಸಟ ಎನ್ನುವ ಮಧ್ಯಾಹ್ನಗಳೂ ಇದ್ದವು. ಆದರೂ ನೆನಪಿನಲ್ಲಿ ಮಾತ್ರ ಯಾವಾಗಲೂ ಬೆಳಗಿನ ಜಾವ. ನಾಲೆಯ ಮೇಲಿಂದ ಮಂಜು ಏಳುತ್ತದೆ, ಹೂ ಬಿಟ್ಟ ಕಬ್ಬಿನ ಗದ್ದೆಗಳನ್ನು ದಾಟಿ ಬಂದು ರಸ್ತೆಯ ಮೇಲೆ ಮಲಗುತ್ತದೆ. ಎಲ್ಲೋ ದೂರದ ಆಲೆಮನೆಯಿಂದ ಬೆಲ್ಲ ಕುದಿಯುವ ಕಂಪು ಬರುತ್ತದೆ. ಆ ಕಂಪಿನ ಒಳಗಿಂದ ಒಂದು ಹಸಿರು ಲಾರಿ, ಎರಡು ಮಂಕು ದೀಪ ಹಚ್ಚಿಕೊಂಡು, ಅವಸರವಿಲ್ಲದೆ ನನ್ನ ಕಡೆಗೆ ಬರುತ್ತದೆ.

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಯ ಅಂಚಿಗೆ ಒಂದು ಹೊಂಗೆ ಮರ, ಅದರ ಕೆಳಗೆ ನನ್ನ ತಗಡಿನ ಷೆಡ್ಡು. ಆಗ ನನಗೆ ಮೂವತ್ತು. ಮೈಸೂರಿನ ಗ್ಯಾರೇಜೊಂದರಲ್ಲಿ ಎಂಟು ವರ್ಷ ಮೈ ಮಸಿ ಮಾಡಿಕೊಂಡು ಬಂದು ಸ್ವಂತ ಷೆಡ್ಡು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮದು ಅಕ್ಕಸಾಲಿಗರ ಮನೆ. ಪಟ್ಟಣದ ಅರ್ಧ ಹೆಂಗಸರ ಕತ್ತಿನ ತಾಳಿ ನಮ್ಮಪ್ಪ ಮಾಡಿದ್ದು. ಅಂಥವನ ಮಗ ಸ್ಪ್ಯಾನರು ಹಿಡಿದದ್ದು ಊರಿಗೆ ತಮಾಷೆಯಾಗಿತ್ತು. "ಅಕ್ಕನ ಚಿನ್ನಾನೂ ಬುಡದ ಮನೇಲಿ ಉಟ್ಬುಟ್ಟು ಗ್ರೀಸು ಮೆತ್ಕೊಂಡು ಕುಂತವ್ನಲ್ಲಪ್ಪ" ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು. ಅಪ್ಪನಿಗೆ ಕಣ್ಣು ಮಂದವಾಗಿ ಕುಲುಮೆ ಆರಿಸಿದ್ದ. ಬೆಳಿಗ್ಗೆ ಬಂದು ಷೆಡ್ಡಿನ ಮೂಲೆಯಲ್ಲಿ ಕುಳಿತು, ನಾನು ಸುತ್ತಿಗೆ ಎತ್ತಿದಾಗಲೆಲ್ಲ ಮುಖ ಸಿಂಡರಿಸುತ್ತಿದ್ದ. ಇಷ್ಟು ಜೋರಾಗಿ ಹೊಡೆಯುವ ಕೆಲಸವನ್ನು ಅವನು ಕೆಲಸವೆಂದೇ ಒಪ್ಪಿರಲಿಲ್ಲ.

ಹಸಿರು ಲಾರಿ ಅಕ್ಕಿಹೆಬ್ಬಾಳಿನ ಜಯಮ್ಮನವರದು. ಉದ್ದ ಮೂತಿಯ ಹಳೆ ಕಾಲದ ಗಾಡಿ. ಗಂಡ ತೀರಿಕೊಂಡ ಮೇಲೆ ಹಸು, ಗದ್ದೆ, ಲಾರಿ ಮೂರನ್ನೂ ಆಕೆಯೇ ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ, ಆಡಿದ ಮಾತು ತಿರುಗಿಸಿದವರಲ್ಲ. ಪಾಂಡವಪುರದ ಆಲೆಮನೆಗಳಿಂದ ಮಂಡ್ಯಕ್ಕೆ ಬೆಲ್ಲ, ಕೆ.ಆರ್. ಪೇಟೆಯ ಕಡೆಯಿಂದ ನಾಗಮಂಗಲದ ಮಂಡಿಗೆ ತೆಂಗಿನಕಾಯಿ, ಅದು ಲಾರಿಯ ಕೆಲಸ. ಓಡಿಸುತ್ತಿದ್ದವನು ಬೋರಣ್ಣ.

ಬೋರಣ್ಣನಿಗೆ ಅರವತ್ತರ ಹತ್ತಿರ. ಇಪ್ಪತ್ತು ವರ್ಷ ಅದೊಂದೇ ಲಾರಿಯನ್ನು ಓಡಿಸಿದ್ದ. ಕ್ಲೀನರ್ ಇಟ್ಟುಕೊಂಡವನಲ್ಲ. ಒರೆಸುವುದು, ತೊಳೆಯುವುದು, ಹಗ್ಗ ಬಿಗಿಯುವುದು ಎಲ್ಲ ಅವನೇ. ಮನೆಯ ಎತ್ತನ್ನು ತಿಕ್ಕಿದ ಹಾಗೆ ಲಾರಿಯನ್ನು ನಾಲೆಗೆ ಹೊಡೆದುಕೊಂಡು ಹೋಗಿ ತಿಕ್ಕುತ್ತಿದ್ದ. ಎಂಜಿನ್ನಿನ ಮಗ್ಗುಲಲ್ಲಿ ಅಷ್ಟು ವರ್ಷ ಕುಳಿತು ಕಿವಿ ಮಂದವಾಗಿತ್ತು, ಏನು ಹೇಳುವುದಿದ್ದರೂ ಕೂಗಿಯೇ ಹೇಳಬೇಕು. ಚಪ್ಪಲಿಯನ್ನು ಸೀಟಿನ ಹಿಂದೆ ಬಿಟ್ಟು ಬರಿಗಾಲಲ್ಲೇ ಓಡಿಸುವನು. "ಕಿವಿ ಓದ್ರೆ ಓಗ್ಲಿ ಬುಡ್ಲಾ ಮಂಜಾಚಾರಿ. ಗಾಡಿ ನಂಗೆ ಅಂಗಾಲ್ನಾಗೆ ಮಾತಾಡ್ತದೆ" ಅನ್ನುತ್ತಿದ್ದ. ಎಕ್ಸಿಲೇಟರ್ ಪೆಡಲಿನ ರಬ್ಬರು ಅವನ ಪಾದದ ಆಕಾರಕ್ಕೆ ಸವೆದು, ಹೆಬ್ಬೆರಳಿನ ಗುಳಿ ಕೂಡ ಕಾಣುತ್ತಿತ್ತು.

ಆ ಸಲದ ಆಯುಧಪೂಜೆಗೆ ನನ್ನ ಷೆಡ್ಡಿನ ಮುಂದೆ ಆರು ಲಾರಿ ನಿಂತವು. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಬೋರಣ್ಣ ತನ್ನ ಗಾಡಿಯನ್ನು ಮುಂಜಾನೆಯೇ ತೊಳೆದು ನಿಲ್ಲಿಸಿ, ತಾನು ಮುಳುಗು ಹಾಕಿ ಬರುತ್ತೇನೆಂದು ಹೊಳೆಗೆ ಹೋದ. ಅವನು ಬರುವಷ್ಟರಲ್ಲಿ ಗಾಡಿ ಮದುಮಗಳ ಹಾಗೆ ಇರಬೇಕೆಂದು ನನಗೆ ಉಮೇದು. ಮಿಕ್ಕಿದ್ದ ಕೆಂಪು ಪೇಂಟಿನಲ್ಲಿ ಚಕ್ರದ ನಟ್ಟುಗಳಿಗೆ ಬಣ್ಣ ಕೊಟ್ಟೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ವಾಷರ್ ಹರಿದಿತ್ತು, ಹೊಸದು ಹಾಕಿದೆ. ಮುಚ್ಚಳಕ್ಕೂ ಎರಡು ಕೋಟು ಕೆಂಪು ಬಳಿದು, ಒಣಗಿದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟೆ. ಒದ್ದೆ ತಲೆಯಲ್ಲಿ ಬಂದ ಬೋರಣ್ಣ ಲಾರಿಯನ್ನು ಒಂದು ಸುತ್ತು ಬಂದು ನೋಡಿದ.

"ಅಯ್ಯೋ ನಿನ್ನ! ಈ ಮುದಿ ಗಾಡಿಗೆ ಲಗ್ನ ಮಾಡಂಗೆ ಇದ್ದೀಯಲ್ಲ" ಎಂದ. ಅವನಿಗೆ ಖುಷಿಯಾಗಿತ್ತು. ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಬಾಳೆಕಂದು ಅಲ್ಲಾಡಿಸಿಕೊಂಡು ಹೊರಟುಹೋದ.

ಅದಾಗಿ ವಾರಕ್ಕೆ ತೊಂದರೆ ಶುರುವಾಯಿತು. ನಾಗಮಂಗಲದ ಏರಿನಲ್ಲಿ ಲಾರಿ ಪಿಕಪ್ ಕಳೆದುಕೊಂಡು ನಿಂತಿತಂತೆ. ಪೆಡಲು ಒತ್ತಿದರೆ ಎಂಜಿನ್ನು ಮೇಲೇಳುವುದಿಲ್ಲ, ಗೊಣಗುತ್ತದೆ, ಕೊನೆಗೆ ಬಾಯಿ ಮುಚ್ಚುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿ ಇಲ್ಲಿ ತಟ್ಟಿ, ಡೀಸೆಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆನ್ನುವ ಹಾಗೆ ಓಡುತ್ತದೆ. ಜೊತೆಗೆ ಇನ್ನೊಂದು ಕಾಟ. ಸ್ಟೇರಿಂಗ್ ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ಆ ಡಬ್ಬಿಯ ಒಳಗೆ ದಪ್ಪ ಗೇರ್ ಆಯಿಲ್ ಇರಬೇಕು, ಅದು ಖಾಲಿಯಾದರೆ ಚಕ್ರ ತಿರುಗಿಸುವುದೆಂದರೆ ರಾಗಿಕಲ್ಲು ಬೀಸಿದ ಹಾಗೆ. ಬೋರಣ್ಣನ ತೋಳು ಸಂಜೆಯ ಹೊತ್ತಿಗೆ ನಡುಗುತ್ತಿತ್ತು.

ನಾನು ಕೈ ಹಚ್ಚಿದೆ. ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ಬಿಚ್ಚಿ ಗಾಳಿ ತೆಗೆದೆ. ಎಂಜಿನ್ನು ಉಸಿರೆಳೆಯುವ ಏರ್ ಕ್ಲೀನರ್ ತೊಳೆದೆ. ಪೆಡಲಿನಿಂದ ಪಂಪಿನವರೆಗೆ ಹೋಗುವ ಸಲಾಕೆಯನ್ನು ಅಳೆದು ಬಿಗಿದೆ. ಪ್ರತಿ ಸಲವೂ ಪಶ್ಚಿಮವಾಹಿನಿಯವರೆಗೆ ಓಡಿಸಿ ನೋಡಿದರೆ ಲಾರಿ ಕುದುರೆ. ಎರಡು ದಿನ ಬಿಟ್ಟು ಮತ್ತೆ ಬೋರಣ್ಣ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದ. ಮಂಡ್ಯದ ಸಮ ರಸ್ತೆಯಲ್ಲಿ ಹೇಗೋ ಹೋಗಿ ಬರುತ್ತದೆ, ದೂರದ ಲೋಡು ಹೊತ್ತರೆ ಏರಿನಲ್ಲಿ ಕೈ ಕೊಡುತ್ತದೆ.

ಸ್ಟೇರಿಂಗಿನ ಕತೆಯೂ ಅಷ್ಟೇ. ಬಾಕ್ಸಿನ ತಳದಲ್ಲಿ, ಚಕ್ರಗಳ ಕಡೆಗೆ ಕೈ ಚಾಚುವ ಡ್ರಾಪ್ ಆರ್ಮಿನ ಬುಡದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಲ್ಲಿ ಎಣ್ಣೆ ತಡೆಯುವ ಆಯಿಲ್ ಸೀಲ್ ಹೋಗಿದೆಯೆಂದು ಹೊಸದು ಹಾಕಿದೆ. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಸೀಲೇ ಸರಿಯಿಲ್ಲವೆಂದು ಬೈದು ಇನ್ನೊಂದು ಹಾಕಿದೆ. ಅದೂ ತೊಟ್ಟಿಕ್ಕಿತು. ಮೂರನೆಯದನ್ನು ಕೈಯಲ್ಲಿ ಹಿಡಿದಿದ್ದಾಗ ಮೂಲೆಯಲ್ಲಿದ್ದ ಅಪ್ಪ ಮೊದಲ ಸಲ ಬಾಯಿ ಬಿಟ್ಟ.

"ಲೇ ಮಂಜ, ತೊಟ್ಟಿಕ್ಕೋ ಜಾಗಾನೇ ಸೋರೋ ಜಾಗ ಅಂತ ನಿಂಗ್ಯಾರ್ಲಾ ಏಳಿದ್ದು?"

ನನಗೆ ಸಿಟ್ಟು ಬಂತು. "ಇದು ಗುಂಡಿನ ಸರ ಅಲ್ಲ ಕಣಪ್ಪ, ಲಾರಿ" ಎಂದೆ.

ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಕ್ಸನ್ನು ಸೀಮೆಎಣ್ಣೆಯಲ್ಲಿ ಒಂದು ಕಲೆಯೂ ಉಳಿಯದ ಹಾಗೆ ಒರೆಸಿಸಿದ. ಆಯುಧಪೂಜೆಯಲ್ಲಿ ಮಿಕ್ಕಿದ್ದ ವಿಭೂತಿ ಗಟ್ಟಿಯನ್ನು ನುಣ್ಣಗೆ ಪುಡಿ ಮಾಡಿ, ಅಂಗೈಯಲ್ಲಿಟ್ಟುಕೊಂಡು, ಎಷ್ಟೋ ದಿನದಿಂದ ಮುಟ್ಟದ ತನ್ನ ಊದುಗೊಳವೆಯಿಂದ ಮೆಲ್ಲಗೆ ಊದಿದ. ಮಾಗಿಯ ಬಿಸಿಲು ಹೊಂಗೆಯ ಎಲೆಗಳ ಸಂದಿನಿಂದ ಕೋಲುಕೋಲಾಗಿ ಇಳಿಯುತ್ತಿತ್ತು. ಅದರಲ್ಲಿ ಬೂದಿ ತೇಲಿ, ಸುತ್ತಿ, ಕಬ್ಬಿಣದ ಮೇಲೆ ಕೂರುತ್ತಿತ್ತು. ನಾನೂ ಬೋರಣ್ಣನೂ ಬಗ್ಗಿ ನೋಡುತ್ತಿದ್ದೆವು. ಕಪ್ಪು ಬಾಕ್ಸು ಬೆಳ್ಳಗಾಯಿತು. ಚಿನ್ನದ ಟೊಳ್ಳು ಗುಂಡಿನಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಅಪ್ಪ ಹಿಡಿಯುತ್ತಿದ್ದದ್ದು ಹೀಗೆಯೇ ಅಂತೆ.

"ಈಗ ಊರಾಚೆಗೊಂದು ಸುತ್ತು ಓಗ್ಬಾ ಬೋರಣ್ಣ. ಅದೇ ಏಳ್ತದೆ" ಎಂದ ಅಪ್ಪ.

ಹೋಗಿ ಬಂದಾಗ ಅದು ಹೇಳಿತ್ತು. ತಳದ ಸೀಲಿನ ಸುತ್ತ ಬೂದಿ ಬೆಳ್ಳಗೇ ಇತ್ತು. ಮೇಲೆ, ಬಾಕ್ಸಿನ ಮುಚ್ಚಳದ ಹಿಂಭಾಗದಲ್ಲಿ, ಸಂದು ಮುಚ್ಚುವ ಪ್ಯಾಕಿಂಗ್ ಹರಿದ ಒಂದು ಬೆರಳಗಲದ ಜಾಗದಿಂದ ಕಪ್ಪು ಗೆರೆಯೊಂದು ಹೊರಟು, ಬೆನ್ನ ಮೇಲೆ ಇಳಿದು, ಡ್ರಾಪ್ ಆರ್ಮಿನ ಬುಡಕ್ಕೆ ಬಂದು ತೊಟ್ಟಾಗಿತ್ತು. ನಾನು ಎರಡು ಸೀಲು ಹಾಕಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದೆ. ಸ್ಟೇರಿಂಗ್ ಬೆಣ್ಣೆಯಾಯಿತು. ಬೋರಣ್ಣ ಅಪ್ಪನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಅಲ್ಲಿಗೆ ನಾನು ಕಲಿಯಬೇಕಿತ್ತು, ಕಲಿಯಲಿಲ್ಲ. ಅಪ್ಪನ ಜಾಣತನವನ್ನು ನನ್ನದೆಂದುಕೊಂಡು ಜಂಬದ ಕೋಳಿಯ ಹಾಗೆ ಕತ್ತೆತ್ತಿ ಓಡಾಡಿದೆ.

ಆಮೇಲೆ ಒಂದು ಸಲ, ಹದ ಬರದ ಮೆತ್ತನೆಯ ಬೆಲ್ಲ ತುಂಬಿಕೊಂಡು ದೂರದ ಮಂಡಿಗೆ ಹೋಗುವಾಗ ಲಾರಿ ನಿಂತು, ಬಿಸಿಲಿಗೆ ಅರ್ಧ ಅಚ್ಚು ಒಂದಕ್ಕೊಂದು ಅಂಟಿಕೊಂಡವು. ಮರುದಿನ ಜಯಮ್ಮನವರು ತಾವೇ ಬಸ್ಸು ಹತ್ತಿ ಷೆಡ್ಡಿಗೆ ಬಂದರು. ಬೋರಣ್ಣ ಲಾರಿಯ ಪಕ್ಕದಲ್ಲಿ ನಿಂತಿದ್ದ. ಬೇರೆ ಮೂರು ಲಾರಿಯ ಡ್ರೈವರುಗಳೂ ಟೀ ಹೀರುತ್ತ ಅಲ್ಲೇ ಇದ್ದರು.

"ಆಚಾರಿ, ನಿಜ ಏಳು. ಗಾಡೀಲಿ ಏನಾರ ಅದಾ, ಇಲ್ವಾ?"

ಆ ಮಾತಿಗೆ "ನಂಗಿನ್ನೂ ಗೊತ್ತಾಗಿಲ್ಲ ಕಣಕ್ಕ" ಎಂದಿದ್ದರೆ ನನ್ನ ಗಂಟು ಹೋಗುತ್ತಿರಲಿಲ್ಲ. ಹೊಸ ಷೆಡ್ಡು, ಅಷ್ಟು ಜನರ ಮುಂದೆ ಗೊತ್ತಿಲ್ಲವೆನ್ನಲು ನಾಲಿಗೆ ಬರಲಿಲ್ಲ. "ಗಾಡೀಲಿ ಏನೂ ಇಲ್ಲ ಕಣಕ್ಕ. ಒಂದೊಂದು ನಟ್ಟೂ ನೋಡಿದೀನಿ. ನನ್ನ ಕೆಲಸದ ಮೇಲೆ ಆಣೆ" ಎಂದೆ.

ಜಯಮ್ಮನವರು ಬೋರಣ್ಣನ ಮುಖ ನೋಡಲಿಲ್ಲ. ಅವನ ಕಾಲು ನೋಡಿದರು. "ನಮ್ಮ ತಮ್ಮ ಆಗ್ಲೇ ಏಳ್ದ. ಬೋರಣ್ಣಂಗೆ ಕಾಲ್ನಾಗೆ ಕಸುವಿಲ್ಲ, ಏರ್ನಾಗೆ ಒತ್ತಾಕಾಗಲ್ಲ, ಕುಣೀಲಾರ್ದೋಳು ನೆಲ ಡೊಂಕು ಅಂದಂಗೆ ಗಾಡಿ ಮೇಲೆ ಆಕ್ತಾನೆ ಅಂತ. ನಾನೇ ನಂಬಿರ್ಲಿಲ್ಲ" ಎಂದರು. ಆಮೇಲೆ ಜೋರಾಗಿ, ಅವನಿಗೆ ಕೇಳುವ ಹಾಗೆ, "ನಾಳಿದ್ದು ನಾಗಮಂಗಲಕ್ಕೆ ಕಾಯಿ ಲೋಡು ಅದೆ ಬೋರಣ್ಣ. ಅದೊಂದು ಓಗ್ಬಾ. ಅಲ್ಲೂ ನಿಂತ್ರೆ ಗಾಡಿ ನಮ್ಮ ತಮ್ಮನ ಕೈಗೆ ಕೊಟ್ಬುಡು. ಬೇಜಾರ್ ಮಾಡ್ಕಬ್ಯಾಡ" ಎಂದರು.

ಬೋರಣ್ಣ ಹೆಗಲ ಮೇಲಿನ ಟವೆಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಜಯಮ್ಮನವರು ಹೋದ ಮೇಲೆ ನನ್ನ ಹತ್ತಿರ ಬಂದು, "ನೀನೂ ಬಾ ಲಾ. ನನ್ ಕಾಲ ನೀನೇ ನೋಡು" ಎಂದ. ಇಲ್ಲವೆನ್ನಲಾಗಲಿಲ್ಲ.

ಹಿಂದಿನ ಸಂಜೆಯೇ ಬಸ್ಸಿನಲ್ಲಿ ಅಕ್ಕಿಹೆಬ್ಬಾಳಿಗೆ ಹೋಗಿ ಉಳಿದೆ. ಬೆಳಗಿನ ಜಾವ ಎದ್ದು ಕೊಟ್ಟಿಗೆಯ ಜಗಲಿಗೆ ಬಂದರೆ ಬೋರಣ್ಣ ಬಲಗಾಲು ಚಾಚಿಕೊಂಡು ಹರಳೆಣ್ಣೆ ತಿಕ್ಕುತ್ತಿದ್ದ. ಹೇಮಾವತಿಯ ಮೇಲಿಂದ ಮಂಜು ತೆವಳಿಕೊಂಡು ಬಂದು ಅವನ ಪಾದದ ಹತ್ತಿರ ನಿಂತ ಹಾಗಿತ್ತು.

"ಎರಡು ದಿನ್ದಿಂದ ತಿಕ್ತೀವ್ನಿ" ಎಂದ, ನನ್ನನ್ನು ನೋಡದೆ. "ಕಾಲ ಕೇಳಿದ್ರೆ ಒತ್ತೀವ್ನಿ ಅಂತದೆ. ಗಾಡಿ ಕೇಳಿದ್ರೆ ನೀನು ಒತ್ತಿಲ್ಲ ಅಂತದೆ. ಯಾರ್ ಮಾತ ನಂಬಾನ ಏಳು. ನೀನು ಬ್ಯಾರೆ ಗಾಡೀಲಿ ಏನೂ ಇಲ್ಲ ಅಂದೆ. ನೀನು ಕಲ್ತೋನು."

ಅವನು ನನ್ನ ಮಾತನ್ನು ನಂಬಿದ್ದ. ನಂಬಿ ತನ್ನ ಕಾಲಿನ ಮೇಲೆ ಅನುಮಾನ ಪಟ್ಟಿದ್ದ.

ಬೆಳಕು ಹರಿಯುವಾಗ ಹೊರಟೆವು. ಆ ದಾರಿ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಮಂಜಿನಲ್ಲಿ ರೈಲ್ವೆ ಸ್ಟೇಷನ್ನಿನ ಖಾಲಿ ಬೆಂಚು ಮಾತ್ರ ಕಂಡು ಮರೆಯಾಯಿತು. ಕೆ.ಆರ್. ಪೇಟೆ ದಾಟುವಾಗ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲುಗಳು ನೀರಿನಲ್ಲಿ ತೇಲುವ ಹಾಗೆ ಎದುರಿಗೆ ಬಂದು ಬಂದು ಹೋದವು. ಹೊಸ ಪ್ಯಾಕಿಂಗಿನ ಸ್ಟೇರಿಂಗ್ ಅವನ ಎರಡು ಬೆರಳಿಗೆ ತಿರುಗುತ್ತಿತ್ತು. ಹಿಂದೆ ತೆಂಗಿನಕಾಯಿಗಳು ಒಂದಕ್ಕೊಂದು ತಾಗಿ ಗುಡುಗುಡು ಎನ್ನುತ್ತಿದ್ದವು. ಬೋರಣ್ಣ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ, ಕಿವಿ ಕೇಳದವನ ಗುನುಗು, ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು. ನೀರಾವರಿ ಹಿಂದೆ ಸರಿದು, ಹುರುಳಿ ಹೊಲಗಳು, ಕೆಮ್ಮಣ್ಣು, ಜಾಲಿ ಬಂದವು. ನಾನು ಕಿಟಕಿಯಾಚೆ ನೋಡುತ್ತ, ಇವತ್ತು ಏನೂ ಆಗದೆ ಹೋಗಲಿ, ಈ ದಾರಿ ಹೀಗೇ ಮುಗಿಯದೆ ಇರಲಿ ಎಂದುಕೊಳ್ಳುತ್ತಿದ್ದೆ.

ನಾಗಮಂಗಲ ಇನ್ನು ಮೂರು ಮೈಲಿ ಇದೆ ಎನ್ನುವಾಗ ಏರು ಬಂತು. ಅರ್ಧ ಏರಿದಾಗ ಎಂಜಿನ್ನಿನ ದನಿ ಕುಗ್ಗಿತು.

"ಒತ್ತು ಬೋರಣ್ಣ!" ಎಂದು ಕೂಗಿದೆ.

ಅವನು ಗದ್ದದಲ್ಲಿ ಕೆಳಗೆ ತೋರಿಸಿದ. ನಾನು ಬಗ್ಗಿ ಪೆಡಲಿನ ಕೆಳಗೆ ಕೈ ಹಾಕಿದೆ. ಪೆಡಲು ಹಲಗೆಗೆ ಅಂಟಿತ್ತು, ಬೆರಳು ತೂರುವಷ್ಟೂ ಸಂದಿರಲಿಲ್ಲ. ಅವನ ಬೆರಳುಗಳು ಒತ್ತಡಕ್ಕೆ ಬೆಳ್ಳಗಾಗಿದ್ದವು, ಮೀನಖಂಡ ಕಲ್ಲಾಗಿತ್ತು. ಇಷ್ಟು ಕಸುವು ನನ್ನ ಕಾಲಿನಲ್ಲಿ ಆಗಲೂ ಇರಲಿಲ್ಲ, ಈಗಂತೂ ಇಲ್ಲ. ಲಾರಿ ನಿಂತಿತು.

ಬೋರಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. "ನೀನ್ ಕುಂತ್ಕೊ" ಎಂದ. ಒಂದಷ್ಟು ಹೊತ್ತು ಬಿಟ್ಟು ನಾನು ಕುಳಿತು ಸ್ಟಾರ್ಟ್ ಮಾಡಿ, ನನ್ನ ಮೂವತ್ತು ವರ್ಷದ ಕಾಲನ್ನು ಇದ್ದಷ್ಟೂ ಊರಿದೆ. ಅದೇ ಗೊಣಗು, ಅದೇ ಸಾವು. ಅಲ್ಲಿಗೆ ಕಾಲಿನ ಮಾತು ಮುಗಿದಿತ್ತು. ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ ಎಂದು ಅಪ್ಪ ಅಂದದ್ದು ಆಗ ನೆನಪಾಯಿತು. ಬೋರಣ್ಣ ಎಂದಿನಂತೆ ಡೀಸೆಲ್ ನೋಡಲು ಸೀಟಿನಡಿಯಿಂದ ಕಡ್ಡಿ ಎಳೆಯುತ್ತಿದ್ದ. ಅವನಿಗಿಂತ ಮೊದಲು ಹೋಗಿ ಮುಚ್ಚಳ ನಾನೇ ತಿರುಗಿಸಿದೆ. ಬಿಗಿಯಾಗಿತ್ತು. ಬಲ ಹಾಕಿದಾಗ ಕಿತ್ತು ಬಂತು.

ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವನು ತಲೆ ಎತ್ತಿದ ಹಾಗೆ, ಉದ್ದಕ್ಕೆ.

ತಿರುಗಿ ನೋಡಿದರೆ ಬೋರಣ್ಣ ಕಡ್ಡಿ ಹಿಡಿದು ಸುಮ್ಮನೆ ನಿಂತಿದ್ದ. ಅವನಿಗೆ ಆ ಸದ್ದು ಕೇಳಿರಲಿಲ್ಲ. ಇಷ್ಟು ದಿನವೂ ಕೇಳಿರಲಿಲ್ಲ. ಏರಿನಲ್ಲಿ ನಿಂತಾಗಲೆಲ್ಲ ಕಡ್ಡಿ ಬಿಡಲು ತಾನೇ ಮುಚ್ಚಳ ತೆಗೆದು, ಗಾಳಿ ಒಳಗೆ ಹೋಗಿ, ಗಾಡಿ ಸರಿಯಾಗುತ್ತಿತ್ತು. ನನ್ನ ಷೆಡ್ಡಿಗೆ ಬರುವಷ್ಟರಲ್ಲಿ ರೋಗ ವಾಸಿಯಾಗಿರುತ್ತಿತ್ತು. ಮುಚ್ಚಳವನ್ನು ಮಗುಚಿ ನೋಡಿದೆ. ಡೀಸೆಲ್ ಖರ್ಚಾದ ಜಾಗಕ್ಕೆ ಗಾಳಿ ಬರಲೆಂದು ಸೂಜಿ ಹೋಗುವಷ್ಟು ತೂತೊಂದು ಇರುತ್ತದೆ. ಅದರಲ್ಲಿ ಕೆಂಪು ಪೇಂಟು ಮುತ್ತಿನ ಹಾಗೆ ಗಟ್ಟಿಯಾಗಿ ಕುಳಿತಿತ್ತು, ಮೇಲೆ ವಿಭೂತಿಯ ಪದರ. ಗಾಳಿ ಸಿಗದೆ ಟ್ಯಾಂಕು ಡೀಸೆಲನ್ನು ಬಿಟ್ಟುಕೊಡುತ್ತಿರಲಿಲ್ಲ. ಹಳೆ ವಾಷರ್ ಇದ್ದಿದ್ದರೆ ಅದರ ಹರಕಿನಿಂದಲಾದರೂ ಗಾಳಿ ಹೋಗುತ್ತಿತ್ತು. ಅದನ್ನೂ ನಾನೇ ಬದಲಾಯಿಸಿದ್ದೆ.

ಆ ತೂತಿನ ವಿಷಯ ನನಗೆ ತಿಳಿದಿರಲಿಲ್ಲವೆಂದಲ್ಲ. ಬೇರೆ ಗಾಡಿಯಾಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ. ನಾನೇ ಪೂಜೆ ಮಾಡಿದ ಮುಚ್ಚಳವನ್ನು ನಾನು ಹೇಗೆ ಅನುಮಾನಿಸಲಿ?

"ಏನ್ಲಾ ಅದು?" ಎಂದ ಬೋರಣ್ಣ.

ಸುಳ್ಳು ಹೇಳಬಹುದಿತ್ತು. ಅವನಿಗೆ ಸದ್ದು ಕೇಳಿರಲಿಲ್ಲ, ಕೇಳಿದ್ದವನು ನಾನೊಬ್ಬನೇ. ಆದರೆ ಆ ಬಿಳಿಚಿದ ಬೆರಳುಗಳನ್ನು ನೋಡಿದ ಮೇಲೆ ಆಗಲಿಲ್ಲ. ಮುಚ್ಚಳವನ್ನು ಅವನ ಅಂಗೈಗೆ ಇಟ್ಟು, ತೂತು ತೋರಿಸಿ, ಕೂಗಿ ಹೇಳಿದೆ. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಬೇಲಿಯಿಂದ ಜಾಲಿಮುಳ್ಳು ಮುರಿದು ತಂದು, ಪೇಂಟನ್ನು ಎಳೆಎಳೆಯಾಗಿ ಕುಟುಕಿ ತೆಗೆದ. ತೂತಿನ ಆಚೆ ಆಕಾಶ ಕಂಡಿತು. ಆಗ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿ, ತನ್ನ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಂಗಾರೆ ನನ್ ಕಾಲಲ್ಲ" ಎಂದ. ಅವನು ಅಳುತ್ತಿದ್ದ.

ನಾಲ್ಕು ಬಿಗಿದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಬಿಗಿಯಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಒಂದೇ ಉಸಿರಿಗೆ ಏರು ಹತ್ತಿಸಿ, ಮಂಡಿಯಲ್ಲಿ ಕಾಯಿ ಇಳಿಸಿ, ವಾಪಸು ಬರುವ ದಾರಿಯಲ್ಲಿ ಹೇಳಿದ: "ಜಯಮ್ಮವ್ವಂಗೆ ಏಳ್ಬ್ಯಾಡ ಕಣ್ಲಾ. ಕಸ ಕುಂತಿತ್ತು ಅನ್ನಾನ. ನಿಂದು ಒಸಾ ಷೆಡ್ಡು. ಎಸ್ರು ಕೆಟ್ರೆ ಯಾರ್ ಬತ್ತಾರೆ?"

ಜಯಮ್ಮನವರ ಅಂಗಳದಲ್ಲಿ ಅವನೇ ಮೊದಲು ಬಾಯಿ ಬಿಟ್ಟ. "ಮುಚ್ಚಳದ ತೂತ್ನಾಗೆ ಕಸ ಕುಂತಿತ್ತು ಕಣವ್ವ. ಆಚಾರಿ ಕಂಡಿಡ್ದ."

ಜಯಮ್ಮನವರಿಗೆ ಸಮಾಧಾನವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. "ಅಲ್ಲ ಬೋರಣ್ಣ, ಇಪ್ಪತ್ತೊರ್ಷ ಓಡ್ಸೀಯೆ, ಒಂದು ಮುಚ್ಚಳ ಒರೆಸ್ಕಳಕ್ಕೆ ಆಗ್ನಿಲ್ವ ನಿಂಗೆ?"

ಬೋರಣ್ಣ ತಲೆ ತಗ್ಗಿಸಿದ. ನಾಲೆಯ ನೀರಿನಲ್ಲಿ ಲಾರಿಯ ಹೊಟ್ಟೆಯಡಿಯನ್ನೂ ಬಿಡದೆ ತಿಕ್ಕುತ್ತಿದ್ದವನು ತಲೆ ತಗ್ಗಿಸಿದ. ನಾನು ಬಾಯಿ ಬಿಡಲಿಲ್ಲ. ಆಕೆ ಹಿತ್ತಲಿನಿಂದ ರಸಬಾಳೆಯ ಗೊನೆಯೊಂದನ್ನು ಕಡಿಸಿ, ಜಾಣ ಕೈ ಎಂದು ನನಗೆ ಕೊಟ್ಟರು. ಅದನ್ನೂ ತೆಗೆದುಕೊಂಡೆ. ಮನೆಯಲ್ಲಿ ಎಲ್ಲರೂ ಆ ಹಣ್ಣು ತಿಂದರು. ನಾನು ಒಂದನ್ನೂ ಮುಟ್ಟಲಿಲ್ಲ.

ತಡೆಯಲಾರದೆ ಅಪ್ಪನ ಮುಂದೆ ಎಲ್ಲ ಹೇಳಿಕೊಂಡೆ. ಅಪ್ಪ ಊದುಗೊಳವೆಯ ತುದಿಯನ್ನು ಉಜ್ಜುತ್ತಿದ್ದ.

"ಒಬ್ಬ ಮನುಸನ ತೂಕ ಕಮ್ಮಿ ಏಳ್ಬುಟ್ಟು ಬಂದಿದ್ದೀಯ. ನಾಕು ಜನದ ಮುಂದೆ ಏಳ್ದೋನು ನಾಕು ಜನದ ಮುಂದೇನೇ ತಿದ್ಬೇಕು ಕಣ್ಲಾ" ಎಂದ.

ಗೊತ್ತಿತ್ತು. ಆದರೂ ಧೈರ್ಯ ಬರಲಿಲ್ಲ. ಮಾಗಿ ಕಳೆಯಿತು, ಆಲೆಮನೆಗಳ ಹೊಗೆ ನಿಂತಿತು, ಬೇಸಿಗೆಯಲ್ಲಿ ನಾಲೆ ಬತ್ತಿತು, ಮುಂಗಾರು ಬಂದು ಷೆಡ್ಡಿನ ತಗಡಿನ ಮೇಲೆ ಕುಣಿದು ಹೋಯಿತು. ಬೋರಣ್ಣ ಬಂದು ಹೋಗುತ್ತಿದ್ದ, ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವನು ನಕ್ಕಾಗಲೆಲ್ಲ ನನಗೆ ಜಯಮ್ಮನವರ ಅಂಗಳದಲ್ಲಿ ತಗ್ಗಿದ ಆ ತಲೆಯೇ ಕಾಣುತ್ತಿತ್ತು.

ಮತ್ತೆ ಆಯುಧಪೂಜೆ ಬಂತು. ಈ ಸಲ ಎಂಟು ಲಾರಿ. ಜಯಮ್ಮನವರೂ ಹೊಸ ಸೀರೆಯುಟ್ಟು ಬಂದಿದ್ದರು. ನಮ್ಮ ಕಡೆ ಪೂಜೆಯಾದ ಮೇಲೆ ಮೊದಲ ತಾಂಬೂಲ ಗ್ಯಾರೇಜಿನ ಮೇಸ್ತ್ರಿಗೆ. ಆಕೆ ತೆಂಗಿನಕಾಯಿ, ಎಲೆ, ಅಡಿಕೆ ಇದ್ದ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಬೋರಣ್ಣ ಲಾರಿಯ ಪಕ್ಕದಲ್ಲಿ ನಿಂತಿದ್ದ. ಅವನ ಅಂಗೈ ಡೀಸೆಲ್ ಟ್ಯಾಂಕಿನ ಮುಚ್ಚಳದ ಮೇಲಿತ್ತು. ನಾನು ವಿಭೂತಿ ಹಚ್ಚಲು ಶುರುಮಾಡಿದಾಗಿನಿಂದಲೂ ಅವನು ಕೈ ತೆಗೆದಿರಲಿಲ್ಲ.

ನಾನು ತಟ್ಟೆ ಮುಟ್ಟಲಿಲ್ಲ. "ಅಕ್ಕ, ಇದು ಬೋರಣ್ಣಂದು" ಎಂದೆ. ಅವನಿಗೂ ಕೇಳಬೇಕಾಗಿದ್ದರಿಂದ ಕೂಗಿಯೇ ಹೇಳಬೇಕಾಯಿತು. "ಹೋದ್ವರ್ಷ ಮುಚ್ಚಳದಲ್ಲಿ ಕೂತಿದ್ದು ಕಸ ಅಲ್ಲ. ನಾನು ಬಳಿದ ಪೇಂಟು, ನಾನು ಹಚ್ಚಿದ ವಿಭೂತಿ. ಗಾಡೀಲಿ ಏನೂ ಇಲ್ಲ ಅಂತ ಇಲ್ಲೇ ನಿಂತು ಆಣೆ ಇಟ್ಟೋನೂ ನಾನೇ. ಬೋರಣ್ಣನ ಕಾಲಲ್ಲಿ ಏನೂ ಐಬಿರಲಿಲ್ಲ. ನನ್ನ ಹೆಸರು ಉಳಿಸಕ್ಕೆ ಅವನು ನಿಮ್ಮ ಕೈಲಿ ಬೈಸಿಕೊಂಡ."

ಟೀ ಲೋಟಗಳು ನಿಂತಲ್ಲೇ ನಿಂತವು. ಎಂಟು ಲಾರಿಯವರೂ ಕೇಳಿಸಿಕೊಂಡಿದ್ದರು. ಜಯಮ್ಮನವರು ನನ್ನನ್ನು ನೋಡಿದರು, ಬೋರಣ್ಣನನ್ನು ನೋಡಿದರು. ತಾಂಬೂಲದ ತಟ್ಟೆಯನ್ನು ಅವನ ಕೈಗಿತ್ತು, ಕುಂಕುಮದ ಬಟ್ಟಲನ್ನು ತೆಗೆದುಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ಲಾರಿಯ ಮೆಟ್ಟಿಲು ಹತ್ತಿದರು. ಎಲ್ಲರೂ ಸ್ಟೇರಿಂಗಿಗೆ ಕುಂಕುಮ ಹಚ್ಚುತ್ತಾರೆ. ಆಕೆ ಒಳಗೆ ಬಗ್ಗಿ, ಬೋರಣ್ಣನ ಪಾದದ ಆಕಾರಕ್ಕೆ ಸವೆದಿದ್ದ ಆ ಪೆಡಲಿಗೆ, ಹೆಬ್ಬೆರಳಿನ ಗುಳಿಗೆ, ಕುಂಕುಮ ಇಟ್ಟು ಕೈ ಮುಗಿದರು.

ಬೋರಣ್ಣನಿಗೆ ನಾಚಿಕೆಯಾಯಿತು. "ಅಲ್ಲಿ ಜಾಸ್ತಿ ಮೆತ್ಬ್ಯಾಡಿ ಕಣವ್ವ" ಎಂದ, ಕಿವಿ ಕೇಳದವನ ದೊಡ್ಡ ದನಿಯಲ್ಲಿ. "ಎಲ್ಲಾರ ತೂತಿದ್ರೆ ಮುಚ್ಕೊಂಬುಟ್ಟಾತು!"

ಎಂಟು ಲಾರಿಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಯಮ್ಮನವರೂ ನಕ್ಕರು. ಮೂಲೆಯಲ್ಲಿ ಅಪ್ಪ ಕೂಡ ನಕ್ಕ. ನನಗೊಬ್ಬನಿಗೆ ನಗು ಬರಲಿಲ್ಲ, ಹೊಂಗೆ ಮರದ ಕಡೆ ತಿರುಗಿ ನಿಂತಿದ್ದೆ. ಹಿಂದಿನಿಂದ ಬರಿಗಾಲಿನ ಸಪ್ಪಳ ಹತ್ತಿರ ಬಂತು. ಬೋರಣ್ಣ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಹೆಗಲ ಮೇಲಿನ ಟವೆಲಿನಿಂದ ನನ್ನ ಮುಖವನ್ನು ಲಾರಿಯ ಗಾಜು ಒರೆಸಿದಷ್ಟು ಮೆಲ್ಲಗೆ ಒರೆಸಿದ.

"ಸುಮ್ಕಿರ್ಲಾ. ವಸಿ ಮಸಿ ಮೆತ್ಕೊಂಡದೆ" ಎಂದ.

ಅವತ್ತು ಹಬ್ಬ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ತಲೆಗೆ ಸ್ನಾನ ಮಾಡಿ ಬಂದವನು ಆಮೇಲೆ ಒಂದು ಸ್ಪ್ಯಾನರನ್ನೂ ಮುಟ್ಟಿರಲಿಲ್ಲ.